ಶಾಲೆಯನ್ನೇ ಮನೆಯಂಗಳಕ್ಕೆ ಒಯ್ದ ತಾರಾಬಾಯಿ ಮೋಡಕ್

ಮುಂಬೈನ ಜೋಗೇಶ್ವರಿ ದಾಟಿ ಉತ್ತರಕ್ಕೆ ಸಾಗುವ ರೈಲು ಮಾರ್ಗದಲ್ಲಿ ಡಹಾಣು ಸಿಗುತ್ತದೆ. ಸಮೀಪದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ 1945ರಲ್ಲಿ ಬಾಲವಾಡಿ ಆರಂಭಿಸಿದರು. 1892ರಲ್ಲಿ ಮುಂಬೈಯಲ್ಲಿ ಜನಿಸಿದ ಅವರು, ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಜತೆ ಮಾಂಟೆಸ್ಸರಿ ಶಿಕ್ಷಣದಲ್ಲಿ ತೊಡಗಿದ್ದವರು. ಆ ಪದ್ಧತಿಯ ದುಬಾರಿ ಪರಿಕರಗಳು ಹಳ್ಳಿಗೆ ಎಟುಕುವಂತಿರಲಿಲ್ಲ. ಹಾಗಾಗಿ ಚಿಪ್ಪು, ಕಲ್ಲು, ಎಲೆ, ಬೀಜಗಳೇ ಪಾಠದ ಸಾಮಗ್ರಿಯಾದವು. ಊರಿನ ಹಾಡು, ಕುಣಿತಗಳೂ ಕಲಿಕೆಯ ಭಾಗವಾದವು. ಬಡ ಆದಿವಾಸಿ ಮಕ್ಕಳು ಶಾಲೆಗೆ ಬಾರದಿದ್ದಾಗ ಶಿಕ್ಷಕಿಯರೇ ಅವರ ಅಂಗಳಕ್ಕೆ ಹೋದರು. ಅದೇ ಅಂಗನವಾಡಿ. 1957ರಲ್ಲಿ ಈ ಕೆಲಸ ಕೋಸಬಾಡ್ ಗುಡ್ಡಕ್ಕೆ ಸ್ಥಳಾಂತರಗೊಂಡಿತು. ಶಿಷ್ಯೆ ಅನುತಾಯಿ ವಾಘ್ ಜತೆಗಿದ್ದರು. ಅಲ್ಲಿ ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಲ್ಲೇ ಪಾಠ ನಡೆಯಿತು. 1962ರಲ್ಲಿ ಪದ್ಮಭೂಷಣ ಪಡೆದ ತಾರಾಬಾಯಿ 1973ರಲ್ಲಿ ನಿಧನರಾದರು. 1975ರಲ್ಲಿ ಆರಂಭವಾದ ಐಸಿಡಿಎಸ್ ಯೋಜನೆ ಅಂಗನವಾಡಿ ಎಂಬ ಹೆಸರನ್ನು ದೇಶದ ಹಳ್ಳಿಹಳ್ಳಿಗೂ ಮುಟ್ಟಿಸಿತು. ಅದನ್ನು ನೋಡಲು ಅವರಿರಲಿಲ್ಲ.