ಸೈನಿಕರೆಲ್ಲರ ತಂದೆ: ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು

1949ರ ಜನವರಿ 15ರಂದು ಭಾರತದ ಭೂಸೇನೆಯ ಅಧಿಕಾರವು ಬ್ರಿಟಿಷ್ ದಂಡನಾಯಕ ಸರ್ ರಾಯ್ ಬುಚರ್ ಅವರಿಂದ ಕೊಡಗಿನ ವೀರರೊಬ್ಬರ ಕೈಗೆ ಬಂದಿತು. ಅಂದು ದೇಶದ ಗವರ್ನರ್ ಜನರಲ್ ಪದವಿಯಲ್ಲಿದ್ದವರು ನಮ್ಮ ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ ಜನಿಸಿದ ರಾಜಾಜಿಯವರು. ಕಾವೇರಿ ಹುಟ್ಟುವ ನಾಡಿನ ಯೋಧರೂ ಹೊಸೂರು ಸೀಮೆಯ ಮುತ್ಸದ್ದಿಗಳೂ ಹೀಗೆ ಒಂದೇ ಕಾಲದಲ್ಲಿ ರಾಷ್ಟ್ರದ ಹೊಣೆ ಹೊತ್ತಿದ್ದರು. ಆ ದಿನವನ್ನು ದೇಶವು ಇಂದಿಗೂ ಭೂಸೇನಾ ದಿನವೆಂದು ಆಚರಿಸುತ್ತಿದೆ. ಆ ಯೋಧರೇ ಕೊಡಂದೇರ ಮಾದಪ್ಪ ಕಾರ್ಯಪ್ಪನವರು.

1899ರ ಜನವರಿ 28ರಂದು ಶನಿವಾರಸಂತೆಯಲ್ಲಿ ಜನಿಸಿದ ಕಾರ್ಯಪ್ಪನವರು ಮಡಿಕೇರಿಯಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ವಿದ್ಯಾಭ್ಯಾಸ ಮಾಡಿದರು. ಮೊದಲ ಮಹಾಯುದ್ಧದ ಕೊನೆಯಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು, 1919ರಲ್ಲಿ ಸೇನಾಧಿಕಾರಿಗಳಾದ ಮೊದಲ ಭಾರತೀಯರ ತಂಡದಲ್ಲಿ ಒಬ್ಬರಾದರು. ಬಿಳಿಯ ಅಧಿಕಾರಿಗಳಿಗೆ ಒಂದು ಮರ್ಯಾದೆ, ಭಾರತೀಯರಿಗೆ ಇನ್ನೊಂದು ಮರ್ಯಾದೆ ಸಲ್ಲುತ್ತಿದ್ದ ಕಾಲವದು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಸೇರಿದ ಮೊದಲ ಭಾರತೀಯರೂ, 1942ರಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ಪಡೆದ ಮೊದಲ ಭಾರತೀಯರೂ ಅವರೇ. ಇರಾಕ್, ಸಿರಿಯಾ, ಬರ್ಮಾಗಳಲ್ಲಿ ಸೇವೆ ಸಲ್ಲಿಸಿ, ಸ್ವಾತಂತ್ರ್ಯಾನಂತರ ಕಾಶ್ಮೀರದ ಯುದ್ಧವನ್ನು ಪಶ್ಚಿಮ ವಿಭಾಗದ ಮುಖ್ಯಸ್ಥರಾಗಿ ನಡೆಸಿದರು. ತಾವು ಕಂಡುಂಡ ಭೇದಭಾವ ಸ್ವತಂತ್ರ ಭಾರತದ ಸೇನೆಯಲ್ಲಿ ಉಳಿಯಬಾರದೆಂಬುದು ಅವರ ಸಂಕಲ್ಪವಾಗಿತ್ತು. ಜಾತಿ, ಪ್ರಾಂತಗಳ ಭೇದವಿಲ್ಲದೆ ಎಲ್ಲರನ್ನೂ ಸೇರಿಸಿಕೊಂಡ ಗಾರ್ಡ್ಸ್ ಪಡೆ 1949ರಲ್ಲಿ ಅವರ ಪ್ರಯತ್ನದಿಂದಲೇ ರೂಪುಗೊಂಡಿತು.

ಗೃಹಸ್ಥ ಜೀವನದಲ್ಲಿ ಅವರಿಗೆ ನೋವೂ ಇದ್ದಿತು. ದಾಂಪತ್ಯವು ಬಹುಕಾಲ ಉಳಿಯಲಿಲ್ಲ. ಮಗ ಮತ್ತು ಮಗಳ ಹೊಣೆಯನ್ನು ತಂದೆಯೇ ಹೊತ್ತರು. ಮಕ್ಕಳ ಮೇಲೆ ಅಪಾರ ಮಮತೆಯಿದ್ದರೂ, ಸರ್ಕಾರದ ವಾಹನವನ್ನು ಅವರ ಶಾಲೆಯ ಪ್ರಯಾಣಕ್ಕೆ ಬಳಸುವುದನ್ನು ಅವರು ಒಪ್ಪುತ್ತಿರಲಿಲ್ಲ. ಒಮ್ಮೆ ಸಹಾಯಕರು ಹಾಗೆ ಮಾಡಿದ್ದು ತಿಳಿದಾಗ ಸಿಟ್ಟಾಗಿ, ಅದರ ವೆಚ್ಚವನ್ನು ತಮ್ಮ ಲೆಕ್ಕಕ್ಕೆ ಹಾಕಿಸಿದರೆಂದು ಮಗನೇ ಸ್ಮರಿಸಿದ್ದಾರೆ.

ಆ ಮಗ ನಂದ ಕಾರ್ಯಪ್ಪನವರು ವಾಯುಸೇನೆಯನ್ನು ಸೇರಿದರು. 1965ರ ಯುದ್ಧದ ಕೊನೆಯ ದಿನವಾದ ಸೆಪ್ಟೆಂಬರ್ 22ರಂದು ಅವರ ವಿಮಾನವು ಶತ್ರುಗಳ ಗುಂಡಿಗೆ ಗುರಿಯಾಗಿ, ಅವರು ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಆಗ ಆ ದೇಶದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ಹಿಂದೆ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದವರು. ಮಗ ಕ್ಷೇಮವಾಗಿದ್ದಾನೆಂದು ತಿಳಿಸಿ, ಬಿಡುಗಡೆ ಮಾಡಲೂ ಸಿದ್ಧರೆಂದು ಅವರು ಹೇಳಿ ಕಳುಹಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಆಗ ಅರವತ್ತಾರರ ವಯಸ್ಸಿನಲ್ಲಿದ್ದ ತಂದೆ ಆ ಕೃಪೆಯನ್ನು ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರೂ ತಮ್ಮ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಬೇಕು, ಇಲ್ಲವಾದರೆ ತಮ್ಮ ಮಗನಿಗೆ ವಿಶೇಷ ಉಪಚಾರ ಬೇಡ ಎಂಬುದು ಅವರ ಉತ್ತರವಾಗಿತ್ತು. ನಂದ ಅವರು ತಾಯ್ನಾಡಿಗೆ ಮರಳಿದ್ದು ನಾಲ್ಕು ತಿಂಗಳ ಬಳಿಕ, 1966ರ ಜನವರಿಯಲ್ಲಿ.

1953ರಲ್ಲಿ ನಿವೃತ್ತರಾದ ಕಾರ್ಯಪ್ಪನವರು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್ ಆಗಿದ್ದು, ಬಳಿಕ ಮಡಿಕೇರಿಯ ತಮ್ಮ ಮನೆ ‘ರೋಶನಾರಾ’ದಲ್ಲಿ ನೆಲೆಸಿದರು. ಮಾಜಿ ಸೈನಿಕರ ಹಿತಕ್ಕಾಗಿ ವೃದ್ಧಾಪ್ಯದಲ್ಲಿಯೂ ದುಡಿದರು. 1986ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಫೀಲ್ಡ್ ಮಾರ್ಷಲ್ ಪದವಿ ಅವರನ್ನರಸಿ ಬಂದಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನರಾದ ಅವರಿಗೆ ಮಡಿಕೇರಿಯ ನೆಲದಲ್ಲಿ ಸೇನಾ ಗೌರವದೊಡನೆ ಅಂತ್ಯಸಂಸ್ಕಾರ ನಡೆಯಿತು.

ನಮ್ಮ ಮಗು, ಪರರ ಮಗು ಎಂಬ ಭೇದವು ಪ್ರೀತಿಯ ಹೆಸರಿನಲ್ಲಿಯೇ ಮನಸ್ಸನ್ನು ಹೊಗುತ್ತದೆ. ಮಗನ ಪ್ರಾಣವೇ ಪಣವಾಗಿದ್ದಾಗಲೂ ಆ ಭೇದವನ್ನು ಒಳಗೆ ಬಿಟ್ಟುಕೊಳ್ಳದವರು ಕಾರ್ಯಪ್ಪನವರು. ಒಂದೇ ಹಲಗೆಯ ಮೇಲೆ ಎಲ್ಲರ ಮಕ್ಕಳನ್ನೂ ಕೂರಿಸಿ ಅಕ್ಷರ ಕಲಿಸುವ ಶಾಲೆಯೊಂದು ನೂರು ತುಂಬಿದ ಈ ಸಂದರ್ಭದಲ್ಲಿ ಅವರನ್ನು ನೆನೆಯುವುದು ಉಚಿತವೇ ಆಗಿದೆ.