ಕೋಚರಬಿನ ಕುಟುಂಬ

ಮೋಹನದಾಸ ಕರಮಚಂದ ಗಾಂಧಿಯವರು 1869ರ ಅಕ್ಟೋಬರ್ 2ರಂದು ಪೋರಬಂದರಿನ ತುಂಬಿದ ಮನೆಯೊಂದರಲ್ಲಿ ಜನಿಸಿದರು. ಮುಂದೆ ದಕ್ಷಿಣ ಆಫ್ರಿಕದಲ್ಲಿ ನ್ಯಾಯವಾದಿಗಳಾಗಿದ್ದಾಗ, ರಕ್ತಸಂಬಂಧವಿಲ್ಲದವರನ್ನು ಕೂಡಿಸಿ ಹೊಸ ಕುಟುಂಬಗಳನ್ನೇ ಕಟ್ಟಿದರು. 1904ರಲ್ಲಿ ಡರ್ಬನ್ನಿನ ಸಮೀಪ ಫೀನಿಕ್ಸ್ ನೆಲೆ ಏರ್ಪಟ್ಟಿತು. 1910ರಲ್ಲಿ ಗೆಳೆಯ ಕ್ಯಾಲನ್‌ಬಾಕ್ ಬಿಟ್ಟುಕೊಟ್ಟ 1,100 ಎಕರೆ ಜಮೀನಿನಲ್ಲಿ ಟಾಲ್‌ಸ್ಟಾಯ್ ವಾಡಿ ತಲೆಯೆತ್ತಿತು. ಸೆರೆಮನೆ ಸೇರಿದ ಸತ್ಯಾಗ್ರಹಿಗಳ ಹೆಂಡಿರು ಮಕ್ಕಳಿಗೆ ಅದೇ ಆಸರೆ. ಹಿಂದೂ, ಮುಸಲ್ಮಾನ, ಪಾರಸಿ, ಕ್ರೈಸ್ತರು ಅಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ರಂಜಾನಿನಲ್ಲಿ ಇತರರೂ ಹಗಲೆಲ್ಲ ಉಪವಾಸವಿದ್ದು, ಸೂರ್ಯಾಸ್ತಕ್ಕೆ ಮುನ್ನ ತಮ್ಮ ಊಟ ಮುಗಿಸಿ, ಬಳಿಕ ಮುಸಲ್ಮಾನ ಗೆಳೆಯರಿಗೆ ಬಗೆಬಗೆಯ ತಿನಿಸುಗಳನ್ನು ಬಡಿಸುತ್ತಿದ್ದರು.

ಆದರೆ ನಿಜವಾದ ಪರೀಕ್ಷೆ ಒದಗಿದುದು ಸ್ವದೇಶದಲ್ಲಿ. 1915ರ ಮೇ 25ರಂದು ಅಹಮದಾಬಾದಿನ ಬಳಿಯ ಕೋಚರಬಿನಲ್ಲಿ, ಬಾಡಿಗೆಯ ಬಂಗಲೆಯಲ್ಲಿ, ಸುಮಾರು ಇಪ್ಪತ್ತೈದು ಮಂದಿಯೊಡನೆ ಗಾಂಧೀಜಿ ಸತ್ಯಾಗ್ರಹಾಶ್ರಮವನ್ನು ಆರಂಭಿಸಿದರು. ಎಲ್ಲರಿಗೂ ಒಂದೇ ಅಡುಗೆಮನೆ. ಕೆಲವೇ ತಿಂಗಳಲ್ಲಿ ಠಕ್ಕರ್ ಅವರಿಂದ ಪತ್ರವೊಂದು ಬಂದಿತು: ಅಸ್ಪೃಶ್ಯವೆನಿಸಿಕೊಂಡ ಜಾತಿಯ ಕುಟುಂಬವೊಂದು ಆಶ್ರಮ ಸೇರಲು ಬಯಸಿದೆ. ಗಾಂಧೀಜಿ ಒಪ್ಪಿದರು. ಮುಂಬಯಿಯಲ್ಲಿ ಶಿಕ್ಷಕರಾಗಿದ್ದ ದೂದಾಭಾಯಿ, ಅವರ ಪತ್ನಿ ದಾನೀಬೆನ್, ಆಗತಾನೆ ತಪ್ಪುಹೆಜ್ಜೆಯಿಡುತ್ತಿದ್ದ ಮಗಳು ಲಕ್ಷ್ಮಿ ಬಂದು ಸೇರಿದರು.

ಮೊದಲ ಅಡಚಣೆ ಬಾವಿಯಲ್ಲಿ ಎದುರಾಯಿತು. ಆಶ್ರಮದವರ ಕೊಡದ ಹನಿ ಸಿಡಿದರೆ ಮೈಲಿಗೆಯೆಂದು ಕಪಿಲೆಯವನು ಬೈಯತೊಡಗಿದನು; ದೂದಾಭಾಯಿಯವರನ್ನೂ ಪೀಡಿಸಿದನು. ಬೈಗುಳನ್ನು ಸಹಿಸಿ ನೀರು ಸೇದುವಂತೆ ಗಾಂಧೀಜಿ ಎಲ್ಲರಿಗೂ ತಿಳಿಸಿದರು. ಕಡೆಗೆ ಆತನೇ ನಾಚಿ ಸುಮ್ಮನಾದನು. ದಾನಿಗಳು ಮಾತ್ರ ಕೈಬಿಟ್ಟರು. ಬಹಿಷ್ಕಾರದ ಸುದ್ದಿಯೂ ಹಬ್ಬಿತು. ಮುಂದಿನ ತಿಂಗಳಿಗೆ ಹಣವಿಲ್ಲವೆಂದು ಮಗನಲಾಲರು ಅರುಹಿದಾಗ, ಗಾಂಧೀಜಿ ಅಸ್ಪೃಶ್ಯರ ಕೇರಿಗೇ ಹೋಗಿ, ದುಡಿದು ಉಣ್ಣುವುದೆಂದು ನಿಶ್ಚಯಿಸಿದರು. ಅಷ್ಟರಲ್ಲಿ ಶ್ರೀಮಂತರೊಬ್ಬರು ಕಾರಿನಲ್ಲಿ ಬಂದು, ಒಳಗೂ ಬಾರದೆ, 13,000 ರೂಪಾಯಿಯ ನೋಟುಗಳನ್ನು ಅವರ ಕೈಯಲ್ಲಿಟ್ಟು ಹೊರಟುಹೋದರು. ಅದು ಒಂದು ವರ್ಷದ ವೆಚ್ಚಕ್ಕೆ ಸಾಕಾಗುವಷ್ಟಿತ್ತು.

ಹಣದ ಕಷ್ಟ ಹೀಗೆ ಕಳೆಯಿತು. ಮನಸ್ಸಿನ ಕಷ್ಟ ಅಷ್ಟು ಬೇಗ ಕಳೆಯಲಿಲ್ಲ. ಕಸ್ತೂರಬಾ ಅವರಿಗೂ ಆಶ್ರಮದ ಇತರ ಸ್ತ್ರೀಯರಿಗೂ ಈ ಹೊಸಬರು ಹಿಡಿಸಲಿಲ್ಲ. ದಾನೀಬೆನ್ನರ ಬಗೆಗೆ ಅವರು ತೋರಿದ ಉದಾಸೀನ, ಹೊರಗಿನವರ ವಿರೋಧಕ್ಕಿಂತಲೂ ಹೆಚ್ಚಾಗಿ ಗಾಂಧೀಜಿಯವರನ್ನು ನೋಯಿಸಿತು. ಸಣ್ಣಪುಟ್ಟ ಅವಮಾನಗಳನ್ನು ನುಂಗಿಕೊಳ್ಳಿರೆಂದು ಅವರು ದೂದಾಭಾಯಿಯವರನ್ನು ಬೇಡಿಕೊಂಡರು. ದೂದಾಭಾಯಿ ತಾವೂ ಸಹಿಸಿದರು, ಪತ್ನಿಗೂ ಧೈರ್ಯ ಹೇಳಿದರು. ಒಂದು ಮನೆಯಾಗಿ ಬಾಳುವ ಹೊರೆಯಲ್ಲಿ ಹೆಚ್ಚಿನ ಪಾಲನ್ನು ಹೊತ್ತವರು ಈ ದಂಪತಿಗಳೇ ಎನ್ನಬೇಕು.

1917ರಲ್ಲಿ ಕೋಚರಬಿನಲ್ಲಿ ಪ್ಲೇಗು ಹರಡಲು, ಆಶ್ರಮವು ಸಾಬರಮತೀ ತೀರಕ್ಕೆ ಸಾಗಿತು. ಲಕ್ಷ್ಮಿಯನ್ನು ಗಾಂಧೀಜಿ ತಮ್ಮ ಮಗಳಾಗಿ ಸ್ವೀಕರಿಸಿದರು.