ಹೋಬಳಿಗೊಂದು ಶಾಲೆ: ಬಿ.ಎಲ್. ರೈಸ್ ಅವರ ಬದುಕು

ಬಿ.ಎಲ್. ರೈಸ್ ಎಂದ ಕೂಡಲೇ ಹಾಸನ ಜಿಲ್ಲೆಯವರಾದ ನಮಗೆ ನೆನಪಾಗುವುದು ಕಲ್ಲಿನ ಶಾಸನ. ಶ್ರವಣಬೆಳಗೊಳದ ಬಂಡೆಗಳಿಂದ ಹಿಡಿದು ಯಾವುದೋ ಹಳ್ಳಿಯ ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿನವರೆಗೆ ಓದಿಸಿ, ಅಚ್ಚು ಹಾಕಿಸಿದವರು ಅವರು. ಆದರೆ ಶಾಸನದ ಕೆಲಸ ಅವರ ಬದುಕಿನ ಎರಡನೆಯ ಭಾಗ. ಅದಕ್ಕೂ ಮೊದಲು ಸುಮಾರು ಇಪ್ಪತ್ತೈದು ವರ್ಷ ಅವರು ಶಾಲೆಯ ಮನುಷ್ಯರಾಗಿದ್ದರು. ನಾವು ಓದುವ ಶಿಕ್ಷಣ ತತ್ತ್ವಶಾಸ್ತ್ರದ ಪಾಠಗಳಲ್ಲಿ ರೂಸೋ, ಡ್ಯೂಯಿ, ಗಾಂಧೀಜಿ, ಟ್ಯಾಗೋರ್ ಬರುತ್ತಾರೆ, ರೈಸ್ ಬರುವುದಿಲ್ಲ. ಅವರು ತತ್ತ್ವ ಬರೆಯಲಿಲ್ಲ, ಒಂದು ಯೋಜನೆ ಬರೆದರು. ಆ ಯೋಜನೆಯ ಹೆಸರಿನಲ್ಲಿರುವ ಪದವನ್ನು ನಾವು ಪಹಣಿಯಿಂದ ಹಿಡಿದು ಜಾತಿ ಪ್ರಮಾಣಪತ್ರದವರೆಗೆ ಪ್ರತಿ ಅರ್ಜಿಯಲ್ಲೂ ಬರೆಯುತ್ತೇವೆ: ಹೋಬಳಿ. ಹಿರೀಸಾವೆ ಹೋಬಳಿ, ಚನ್ನರಾಯಪಟ್ಟಣ ತಾಲ್ಲೂಕು ಎಂದು ಬರೆಯುವಾಗ ನಮಗೆ ನಾಡಕಚೇರಿ, ರೈತ ಸಂಪರ್ಕ ಕೇಂದ್ರ ನೆನಪಾಗುತ್ತವೆ. 1868ರಲ್ಲಿ ರೈಸ್ ಅವರಿಗೆ ಹೋಬಳಿ ಎಂದರೆ ಒಂದು ಶಾಲೆ ಇರಬೇಕಾದ ಜಾಗ.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಆ ತಂದೆಯ ಹೆಸರಿನದು. ಹುಡುಗ ಮನೆಯ ಒಳಗೆ ಇಂಗ್ಲಿಷ್, ಹೊರಗೆ ಕನ್ನಡ ಕೇಳುತ್ತ ಬೆಳೆದ. ಮುಂದೆ ಓದಿಗೆ ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ಮರಳಿ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜು ಆಯಿತು. ಆಗ ಅವರಿಗೆ 23 ವರ್ಷ, ನಮ್ಮ ತರಗತಿಯ ಹಲವರಿಗಿಂತ ಚಿಕ್ಕವರು!

ಆಗ ಮೈಸೂರು ರಾಜ್ಯ ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಶಿಕ್ಷಣ ಇಲಾಖೆ ಹುಟ್ಟಿದ್ದು 1857ರಲ್ಲಿ. ಜಾನ್ ಗ್ಯಾರೆಟ್ ಅದರ ನಿರ್ದೇಶಕರಾಗಿದ್ದರು. ಪಟ್ಟಣಗಳಲ್ಲಿ ಒಂದಷ್ಟು ಶಾಲೆಗಳು ತೆರೆದವು. ಓದಿದವರು ಕಚೇರಿಯ ಕೆಲಸಕ್ಕೆ ಸೇರಿದರು. ಹಳ್ಳಿಗೆ ಅದರಿಂದ ಹೆಚ್ಚೇನೂ ತಲುಪಲಿಲ್ಲ. 1865ರಲ್ಲಿ ರೈಸ್ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆದರು. ಕೆಲಸವೆಂದರೆ ತಿರುಗಾಟ. ಊರಿಂದೂರಿಗೆ ಹೋಗಿ, ಶಾಲೆ ನೋಡಿ, ಮಕ್ಕಳನ್ನು ಓದಿಸಿ ನೋಡಿ ವರದಿ ಬರೆಯುವುದು. ಊರಿನವರು ಗುಡಿಯ ಮುಂದಿನ ಅಕ್ಷರದ ಕಲ್ಲನ್ನು ತೋರಿಸುತ್ತಿದ್ದದ್ದು, ಶಾಸನದ ಹುಚ್ಚು ಹತ್ತಿದ್ದು ಇದೇ ತಿರುಗಾಟದಲ್ಲಿ.

ಹಳ್ಳಿಗಳಲ್ಲಿ ಶಾಲೆಯೇ ಇರಲಿಲ್ಲ ಎಂದು ತಿಳಿಯಬಾರದು. ಕೂಲಿಮಠಗಳಿದ್ದವು, ಐಗಳ ಮಠಗಳಿದ್ದವು. ಗುಡಿಯ ಪೌಳಿಯಲ್ಲೋ ಅನುಕೂಲಸ್ಥರ ಜಗಲಿಯಲ್ಲೋ ಮಕ್ಕಳು ಕೂತು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಆಮೇಲೆ ಕಡತ: ಬಟ್ಟೆಗೆ ಇದ್ದಿಲು ಪುಡಿ ಮತ್ತು ಹುಣಸೆಬೀಜದ ಸರಿ ಬಳಿದು ಒಣಗಿಸಿ ಮಡಿಸಿದ ಕಪ್ಪು ಪುಸ್ತಕ, ಅದರ ಮೇಲೆ ಬಳಪದ ಬರಹ. ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳೂ ಬಾಯಿಪಾಠವಾಗಬೇಕು. ತಪ್ಪಿದರೆ ಛಡಿ, ಹೆಚ್ಚು ತಪ್ಪಿದರೆ ಹಗ್ಗಕ್ಕೆ ಜೋತುಬೀಳಿಸುವ ಕೋದಂಡ. ಗಣಿತದ ಪ್ರಶಿಕ್ಷಣಾರ್ಥಿಯಾದ ನನಗೆ ಆ ಭಿನ್ನರಾಶಿಯ ಮಗ್ಗಿಗಳ ಮೇಲೆ ಅಸೂಯೆ ಇದೆ, ಕೋದಂಡದ ಮೇಲೆ ಇಲ್ಲ.

ಆ ಮಠಗಳನ್ನು ನಡೆಸುತ್ತಿದ್ದದ್ದು ಊರು. ಐಗಳಿಗೆ ಸುಗ್ಗಿಯಲ್ಲಿ ರಾಗಿ, ಭತ್ತ ಹೋಗುತ್ತಿತ್ತು. ಮಾರ್ನಮಿಯಲ್ಲಿ ಮಕ್ಕಳನ್ನು ಸಿಂಗರಿಸಿ ಮನೆಮನೆಗೆ ಕರೆದೊಯ್ದು ಚೌಪದ ಹಾಡಿಸುತ್ತಿದ್ದರು. ತನ್ನ ಮಗ ಏನು ಕಲಿತ ಎಂದು ಊರು ಕೇಳಿಸಿಕೊಳ್ಳುತ್ತಿತ್ತು, ಮೇಷ್ಟ್ರ ಕೈಗೆ ಕಾಣಿಕೆ ಬೀಳುತ್ತಿತ್ತು. ಈಗಿನ ಮಾತಿನಲ್ಲಿ ಇದನ್ನು ಸಮುದಾಯದ ಸಹಭಾಗಿತ್ವ ಎನ್ನಬೇಕು. ಆಗ ಅದಕ್ಕೆ ಹೆಸರೇ ಇರಲಿಲ್ಲ. ಕೊರತೆ ಇದ್ದದ್ದು ಕಲಿಕೆಯಲ್ಲಿ. ಬಾಯಿಪಾಠ ಒಪ್ಪಿಸುವ ಹುಡುಗ ತಾನು ಹಿಂದೆ ಕಾಣದ ಒಂದು ಪುಟವನ್ನು ಕೊಟ್ಟರೆ ಓದಲಾರದೆ ನಿಲ್ಲುವ ಸಾಧ್ಯತೆ ಹೆಚ್ಚಿತ್ತು.

ಹೊಸ ಇಲಾಖೆಗೆ ಎರಡು ದಾರಿಗಳಿದ್ದವು. ಈ ಮಠಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸರ್ಕಾರಿ ಕಟ್ಟಡ ಕಟ್ಟಿ ಪಟ್ಟಣದ ಮೇಷ್ಟ್ರನ್ನು ಕಳಿಸುವುದು ಒಂದು. ಅದಕ್ಕೆ ಹಣ ಸಾಲದು, ಹೋದ ಮೇಷ್ಟ್ರು ಅಲ್ಲಿ ನಿಲ್ಲುವುದೂ ಇಲ್ಲ. 1868ರಲ್ಲಿ ಹಂಗಾಮಿ ನಿರ್ದೇಶಕರಾಗಿದ್ದ ರೈಸ್ ಸರ್ಕಾರದ ಮುಂದಿಟ್ಟದ್ದು ಇನ್ನೊಂದು ದಾರಿ, ಹೋಬಳಿ ಶಾಲೆಗಳ ಯೋಜನೆ. ಕಂದಾಯ ವಸೂಲಿಗಾಗಿ ಆಗಲೇ ಇದ್ದ ಹೋಬಳಿಯನ್ನೇ ಅವರು ಶಿಕ್ಷಣದ ಘಟಕ ಮಾಡಿಕೊಂಡರು. ಹೋಬಳಿಗೊಂದು ಕನ್ನಡ ಶಾಲೆ. ಶಾಲೆಗೆ ಮನೆ ಒದಗಿಸುವುದು ಊರಿನವರ ಹೊಣೆ. ಮೇಷ್ಟ್ರ ಸಂಬಳ ಸರ್ಕಾರದ್ದು. ಮೇಷ್ಟ್ರು ಎಲ್ಲಿಂದಲೋ ಬರುವವರಲ್ಲ. ಆಗಲೇ ಮಠ ನಡೆಸುತ್ತಿದ್ದವರನ್ನೇ ಆರಿಸಿ, ನಾರ್ಮಲ್ ಶಾಲೆಗೆ ಕರೆಸಿ ತರಬೇತಿ ಕೊಟ್ಟು ಮತ್ತೆ ಅಲ್ಲಿಗೇ ಕಳಿಸುವುದು. ಸರ್ಕಾರ ಇದನ್ನು ಒಪ್ಪಿತು. ಭೂಕಂದಾಯದ ಜೊತೆಗೆ ರೈತರು ಕೊಡುತ್ತಿದ್ದ ಸ್ಥಳೀಯ ತೆರಿಗೆಯ ಒಂದು ಪಾಲು ಮುಂದೆ ಈ ಶಾಲೆಗಳಿಗೆ ಬಂತು. ಹೊಲ ಉಳುವವನು ಶಾಲೆಗೂ ದುಡ್ಡು ಕಟ್ಟಿದ್ದಾನೆ ಎಂದ ಮೇಲೆ ಆ ಶಾಲೆಯ ಬಗ್ಗೆ ಕೇಳುವ ಹಕ್ಕೂ ಅವನಿಗೆ ಬರಬೇಕು. ಲೆಕ್ಕ ಕಾಗದದ ಮೇಲಾದರೂ ಸರಿಯಾಗಿತ್ತು.

ನಾರ್ಮಲ್ ಶಾಲೆ ಎಂಬುದು ನಾವು ಈಗ ಕೂತಿರುವ ಕಾಲೇಜಿನ ಹಿರಿಯಜ್ಜಿ. ಊರಿನ ಐಗಳು ಅಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂರಬೇಕಿತ್ತು. ಅಚ್ಚಿನ ಪುಸ್ತಕ ಓದಿಸುವುದು, ಹೊಸ ಬಗೆಯ ಲೆಕ್ಕ, ಭೂಗೋಳ, ಮಕ್ಕಳನ್ನು ತರಗತಿಗಳಾಗಿ ವಿಂಗಡಿಸುವುದು ಇವೆಲ್ಲ ಅವರಿಗೆ ಹೊಸತು. ಊರಿನಲ್ಲಿ ದಶಕಗಳಿಂದ ಮರ್ಯಾದೆ ಪಡೆದ ವ್ಯಕ್ತಿಗೆ ಇದು ಸುಲಭವಾಗಿರಲಾರದು. ರೈಸ್ ಅವರ ಯೋಜನೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶ ಇದೇ. ಹಳೆಯ ಮೇಷ್ಟ್ರನ್ನು ಅವರು ಅಡ್ಡಿ ಎಂದು ಎಣಿಸಲಿಲ್ಲ. ಊರಿನ ನಂಬಿಕೆ ಆಗಲೇ ಅವರ ಬಳಿ ಇದೆ, ಕಲಿಸುವ ವಿಧಾನವನ್ನಷ್ಟೇ ಸೇರಿಸಿದರೆ ಸಾಕು ಎಂಬ ಲೆಕ್ಕ ಅದು. ಬೋಧನಾಭ್ಯಾಸಕ್ಕೆ ಹೋದ ನಮ್ಮ ಸ್ಥಿತಿ ಇದಕ್ಕೆ ತದ್ವಿರುದ್ಧ. ವಿಧಾನ ನಮ್ಮ ಪಾಠ ಯೋಜನೆಯ ಪುಸ್ತಕದಲ್ಲಿ ಬೇಕಾದಷ್ಟಿರುತ್ತದೆ, ಊರಿನಲ್ಲಿ ನಮ್ಮ ಹೆಸರು ಒಬ್ಬರಿಗೂ ಗೊತ್ತಿರುವುದಿಲ್ಲ.

ಈ ಯೋಜನೆಯಲ್ಲಿ ಊರು ಎಂದರೆ ಯಾರು ಎಂಬ ಪ್ರಶ್ನೆಯೂ ಇದೆ. ಶಾಲೆಗೆ ಮನೆ ಕೊಡಬಲ್ಲವರು ಪಟೇಲರು, ಶಾನುಭೋಗರು, ಜಮೀನು ಇದ್ದವರು. ಶಾಲೆ ಗುಡಿಯ ಪೌಳಿಯಲ್ಲಿ ಕೂತರೆ ಊರಾಚೆಯ ಕೇರಿಯ ಮಗು ಮೆಟ್ಟಿಲು ಹತ್ತುವಂತಿರಲಿಲ್ಲ. ಗೌಡರ ಜಗಲಿಯಲ್ಲಿ ಕೂತರೂ ಅದೇ ಕತೆ. ಹೆಣ್ಣುಮಕ್ಕಳು ಈ ಶಾಲೆಗಳಿಗೆ ಬರುತ್ತಿದ್ದದ್ದು ತೀರ ವಿರಳ. ಊರಿನ ಸಹಕಾರವನ್ನು ನೆಚ್ಚಿದ ಶಾಲೆ ಊರಿನ ಕಟ್ಟುಪಾಡನ್ನೂ ಜೊತೆಗೆ ಒಪ್ಪಿಕೊಂಡಿತು. ಮೈಸೂರು ಸರ್ಕಾರ ಎಲ್ಲ ಸರ್ಕಾರಿ ಶಾಲೆಗಳ ಬಾಗಿಲನ್ನು ದಲಿತ ಮಕ್ಕಳಿಗೆ ತೆರೆಯಬೇಕೆಂದು ಪಟ್ಟು ಹಿಡಿಯುವ ಹೊತ್ತಿಗೆ 20ನೆಯ ಶತಮಾನದ ಎರಡನೆಯ ದಶಕ ಬಂದಿತ್ತು. ಆಗ ಹಲವು ಕಡೆ ಊರಿನವರೇ ಅದಕ್ಕೆ ಎದುರು ನಿಂತರು. ರೈಸ್ ಅವರನ್ನು ಅವರ ಕಾಲದಿಂದ ಹೊರಗೆಳೆದು ದೂರುವುದು ನನ್ನ ಉದ್ದೇಶವಲ್ಲ. ಆದರೆ ಎಸ್‌ಡಿಎಂಸಿ ಸಭೆಗೆ ಯಾರು ಬಂದರು, ಯಾರಿಗೆ ಕುರ್ಚಿ ಸಿಕ್ಕಿತು, ಬಾಗಿಲ ಬಳಿ ಯಾರು ನಿಂತೇ ಇದ್ದರು ಎಂದು ನೋಡುವ ಅಭ್ಯಾಸ ಈ ಬದುಕನ್ನು ಓದಿದ ಮೇಲೆ ನನಗೆ ಬಂದಿದೆ.

ಯೋಜನೆ ಬೇರೂರುತ್ತಿರುವಾಗಲೇ 1876ರಿಂದ 78ರವರೆಗಿನ ದೊಡ್ಡ ಬರ ಬಂತು. ತಿನ್ನಲು ಇಲ್ಲದ ಮನೆಯ ಮಗು ಬಳಪ ಹಿಡಿಯುವುದಿಲ್ಲ. ಮೈಸೂರು ರಾಜ್ಯದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ ಅದು 42 ಲಕ್ಷಕ್ಕೂ ಸ್ವಲ್ಪ ಕಡಿಮೆ. ಮೈಸೂರಿನ ಆ ಗಣತಿಯನ್ನು ನಡೆಸಿ ವರದಿ ಬರೆದವರೂ ರೈಸ್ ಅವರೇ. ತಾವು ಶಾಲೆ ಕೊಟ್ಟ ಹೋಬಳಿಗಳು ಎಷ್ಟು ಖಾಲಿಯಾಗಿವೆ ಎಂಬುದನ್ನು ಅವರೇ ಕೂಡಿ ಕಳೆದು ಬರೆಯಬೇಕಾಯಿತು.

ಆ ಗಣತಿಯಲ್ಲಿ ವಿದ್ಯೆಯ ಬಗ್ಗೆ ಮೂರು ಗುಂಪುಗಳಿದ್ದವು: ಕಲಿಯುತ್ತಿರುವವರು, ಓದು ಬರಹ ಬಲ್ಲವರು, ಎರಡೂ ಅಲ್ಲದವರು. ವಿಜ್ಞಾನ ಓದಿದವಳಿಗೆ ಈ ವಿಂಗಡಣೆ ಹಿಡಿಸುತ್ತದೆ. ಏಕೆಂದರೆ ಕಲಿಯುತ್ತಿರುವುದು ಬೇರೆ, ಕಲಿತಿರುವುದು ಬೇರೆ ಎಂದು ಅದು ಒಪ್ಪಿಕೊಳ್ಳುತ್ತದೆ. ನನ್ನ ಅಭ್ಯಾಸ ಪಾಠಗಳು ಎಂಟನೆಯ ತರಗತಿಗೆ ಇದ್ದವು. ಸಮೀಕರಣ ಬಿಡಿಸಬಲ್ಲ ಒಬ್ಬ ಹುಡುಗಿ ಅದೇ ಲೆಕ್ಕವನ್ನು ವಾಕ್ಯದಲ್ಲಿ ಕೊಟ್ಟರೆ ಸುಮ್ಮನಾಗುತ್ತಿದ್ದಳು. ಲೆಕ್ಕ ಅವಳಿಗೆ ಬರುತ್ತಿತ್ತು, ಮೂರು ಸಾಲಿನ ಕನ್ನಡ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳು ಎಂಟು ವರ್ಷದಿಂದ ಮೊದಲ ಗುಂಪಿನಲ್ಲಿದ್ದಳು. ಎರಡನೆಯದಕ್ಕೆ ದಾಟಿಸುವ ಕೆಲಸ ಕನ್ನಡ ಮೇಷ್ಟ್ರದ್ದು ಎಂದು ನಾವು ವಿಜ್ಞಾನದವರು ಸುಲಭವಾಗಿ ಹೇಳಿಬಿಡುತ್ತೇವೆ. ಮನೆಯಲ್ಲಿ ಓದಿ ಹೇಳುವವರಿಲ್ಲದ, ಊರಿನಲ್ಲಿ ಓದುವ ಮನೆಯೊಂದು ಇಲ್ಲದ ಮಗುವನ್ನು ಒಬ್ಬ ಮೇಷ್ಟ್ರು ನಲವತ್ತು ನಿಮಿಷದಲ್ಲಿ ದಾಟಿಸಲಾರರು.

1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದ ಮೇಲೆ ರೈಸ್ ಅವರ ಕೆಲಸ ಬದಲಾಗುತ್ತ ಹೋಯಿತು. ಹಂಟರ್ ಶಿಕ್ಷಣ ಆಯೋಗದ ಕಾರ್ಯದಲ್ಲಿ ತೊಡಗಿದರು, ಮೈಸೂರು ಸರ್ಕಾರದ ಶಿಕ್ಷಣ ಕಾರ್ಯದರ್ಶಿಯಾದರು. ಅದಕ್ಕೂ ಮೊದಲೇ ಅವರ ಮೈಸೂರು ಮತ್ತು ಕೊಡಗು ಗೆಜೆಟಿಯರ್ ಅಚ್ಚಾಗಿತ್ತು, ಮೇಜರ್ ಡಿಕ್ಸನ್ ತೆಗೆದ ಛಾಯಾಚಿತ್ರಗಳಿಂದ ಓದಿದ ಶಾಸನಗಳ ಪುಸ್ತಕ 1879ರಲ್ಲಿ ಹೊರಬಂದಿತ್ತು. 1890ರಿಂದ ಅವರು ಪೂರ್ತಿಯಾಗಿ ಪುರಾತತ್ತ್ವ ಇಲಾಖೆಯವರು. ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳು, ಒಂಬತ್ತು ಸಾವಿರಕ್ಕೆ ಸಮೀಪದ ಶಾಸನಗಳು, ಪಂಪಭಾರತದ ಮೊದಲ ಅಚ್ಚು. ಅದೆಲ್ಲ ಬೇರೆಯೇ ಲೇಖನಕ್ಕೆ ಬೇಕಾದ ವಿಷಯ. ನಮ್ಮ ತಾಲ್ಲೂಕಿನ ಮಟ್ಟಿಗೆ ಒಂದು ಮಾತು: 1889ರಲ್ಲಿ ಅವರು ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ಅವರ ಸಹಾಯಕರಾಗಿದ್ದು ನಂತರ ಅದೇ ಹುದ್ದೆಗೆ ಬಂದ ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸುವಾಗ ಶಾಸನಗಳ ಸಂಖ್ಯೆ 500 ಮುಟ್ಟಿತು. ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಶಾಸನಗಳ ಅಡಿ ಗುರುತಿಸಿರುವ ಊರುಗಳ ಹೆಸರು ನೋಡುತ್ತ ಹೋದರೆ ನಮ್ಮ ಬಂಧುಗಳ ಊರುಗಳು ಒಂದೊಂದಾಗಿ ಸಿಗುತ್ತವೆ. ಕೆರೆ ಕಟ್ಟಿಸಿದವರು, ಬಸದಿಗೆ ಭೂಮಿ ಬಿಟ್ಟವರು, ದನ ಕಾಯಲು ಹೋಗಿ ಸತ್ತವರು. ಆ ಕಲ್ಲಿಗೆ ಬೆನ್ನು ಕೊಟ್ಟು ಕೂತು ಓದು ಬಾರದೆ ಕಾಲ ಕಳೆದವರ ಮಕ್ಕಳಿಗೇ ಅವರು ಇಪ್ಪತ್ತು ಮೂವತ್ತು ವರ್ಷ ಮೊದಲು ಶಾಲೆ ಕೇಳಿದ್ದರು.

1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ, ಶಾಸನಗಳಿಂದ ತಿಳಿದ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು 1909ರಲ್ಲಿ ಪುಸ್ತಕವಾಗಿ ತಂದರು. ಬೆಂಗಳೂರಿನಲ್ಲಿ ಹುಟ್ಟಿದ ಅವರು 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರ ಇರುವಾಗ, ಹ್ಯಾರೊ ಊರಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ 1913ರ ಕಾಯಿದೆ ಬಂದು ಹದಿನಾಲ್ಕು ವರ್ಷವಾಗಿತ್ತು. ಹೋಬಳಿ ಶಾಲೆ ಎಂಬ ಹೆಸರು ಬಳಕೆಯಿಂದ ಜಾರುತ್ತಿತ್ತು. ಶಾಲೆಗಳು ಹೋಬಳಿಯನ್ನು ದಾಟಿ ಸಣ್ಣ ಊರುಗಳಿಗೂ ಇಳಿಯತೊಡಗಿದ್ದವು, ಹಲವು ಕಡೆ ಆಗಲೂ ಯಾರದೋ ಜಗಲಿಯ ಮೇಲೆಯೇ.